ನಾಗೊಂದಿಗೆಯ ಕೆಳಗೆ ನಾಲ್ವರು

ಮನೆ ಹಸನು ಮಾಡಲು ಹೊರಟವರನ್ನು ಯಾರೂ ತಡೆಯಬಾರದು. ಅವರಾಗಿಯೇ ಎಲ್ಲೋ ಒಂದು ಕಡೆ ನಿಂತುಬಿಡುತ್ತಾರೆ. ನಾನು ನಿಂತದ್ದು ಹಿತ್ತಾಳೆಯ ಹಂಡೆಯ ಹತ್ತಿರ.

ಯುಗಾದಿಯೊಳಗೆ ಬಣ್ಣ ಹಚ್ಚಿಸಬೇಕೆಂದು ಮಾತಾಗಿತ್ತು. ಬಣ್ಣದವನು ಬಂದು ಗೋಡೆಯ ಮೇಲಿನ ಸಾಮಾನಿನ ಅಟ್ಟ ನೋಡಿ, "ನಾಗೊಂದಿಗೆ ಖಾಲಿ ಮಾಡಿ ಕೊಡಿ, ನಾಳೆಯೇ ಕೆಲಸ ಹಿಡಿಯುತ್ತೇನೆ" ಎಂದು ಹೇಳಿ ಹೋದ. ಅವನು ಇನ್ನೂ ಬಂದಿಲ್ಲ. ನಾಗೊಂದಿಗೆ ಮಾತ್ರ ಇಡಿಯಾಗಿ ಪಡಸಾಲೆಗೆ ಇಳಿದು ಬಂದಿದೆ. ಶಾವಿಗೆ ಮಣೆ, ಉಪ್ಪಿನಕಾಯಿಯ ಭರಣಿಗಳು, ಕಾಲು ಮುರಿದ ತೊಟ್ಟಿಲು, ಯಾರದೋ ಮದುವೆಯ ಜಮಖಾನ, ಮುಚ್ಚಳಗಳು. ಈ ಮುಚ್ಚಳಗಳದೇ ಒಂದು ಪ್ರತ್ಯೇಕ ಸಂಕಟ. ಒಂದನ್ನು ಕೈಯಲ್ಲಿ ಹಿಡಿದು ನಾನು ಎಷ್ಟೋ ಹೊತ್ತು ನಿಂತಿದ್ದೆ. ಇದರ ಡಬ್ಬಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಮುಚ್ಚಳ ಒಗೆದ ಮರುದಿನ ಡಬ್ಬಿ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು. ಇಂಥ ಕೆಲಸದಲ್ಲಿ ಕೈಗಿಂತ ಮೊದಲು ತಲೆ ದಣಿಯುತ್ತದೆ. ಇಡಲೋ, ಕೊಡಲೋ, ಒಗೆಯಲೋ ಎಂದು ಒಂದೇ ಪ್ರಶ್ನೆಯನ್ನು ಮುಂಜಾನೆಯಿಂದ ಕೇಳಿಕೊಂಡವಳಿಗೆ ಸಂಜೆ ಯಾರಾದರೂ "ಚಹಾಕ್ಕೆ ಸಕ್ಕರೆ ಹಾಕಲೇ?" ಎಂದರೂ ಅಳು ಬರುತ್ತದೆ.

ಅಂಥ ಸಂಜೆಗೆ ಸರಿಯಾಗಿ ಗೆಳತಿಯರು ಬಂದರು. ಕುಳಿತುಕೊಳ್ಳಲು ಜಾಗವಿಲ್ಲ. ಕುರ್ಚಿಗಳು ಇದ್ದವು, ಅವುಗಳ ಮೇಲೆ ಬೋಗುಣಿಗಳು ಕುಳಿತಿದ್ದವು. ಬ್ಯಾಂಕಿನ ವೈನಿ ಟ್ರಂಕಿನ ಮೇಲೆ ಕುಳಿತರು. ಅಕ್ಕೋರು (ಶಾಲೆಯಿಂದ ನಿವೃತ್ತರಾಗಿದ್ದರೂ ನಮ್ಮ ಸೆಕ್ಟರಿಗೆಲ್ಲ ಅವರು ಅಕ್ಕೋರೇ) ಬೋರಲು ಹಾಕಿದ ಕೊಪ್ಪರಿಗೆಯನ್ನು ಆಸನ ಮಾಡಿಕೊಂಡರು. ವಕೀಲಬಾಯಿ ನಿಂತೇ ಇದ್ದರು, ಕೋರ್ಟಿನ ಅಭ್ಯಾಸ. ಅತ್ತೆಯವರು ದೇವರ ಮನೆಯ ಬಾಗಿಲಿಗೆ ಒರಗಿ ಬತ್ತಿ ಹೊಸೆಯುತ್ತಿದ್ದರು. ನಮ್ಮ ಮಾತಿಗೂ ತಮಗೂ ಸಂಬಂಧವಿಲ್ಲ ಎಂಬ ಮುಖ. ಆದರೆ ಈ ಮನೆಯಲ್ಲಿ ತೀರ್ಪು ಬರುವುದು ಆ ಬಾಗಿಲಿನಿಂದಲೇ.

"ಇದಕ್ಕೆಲ್ಲ ಒಂದು ಪದ್ಧತಿ ಇದೆ" ಎಂದರು ವೈನಿ. ಅವರ ಮಗಳು ಬೆಂಗಳೂರಿನಿಂದ ವಿಡಿಯೊ ಕಳಿಸುತ್ತಿರುತ್ತಾಳೆ. "ಜಪಾನಿನ ಮೇರಿ ಕೊಂಡೊ ಎಂಬುವವಳು ಮನೆ ಓರಣ ಮಾಡುವುದನ್ನು ಹೇಳಿಕೊಟ್ಟೇ ಜಗತ್ತಿಗೆಲ್ಲ ಹೆಸರಾಗಿದ್ದಾಳೆ. ಕೋಣೆ ಹಿಡಿದು ಹೋಗಬಾರದಂತೆ, ಬಗೆ ಹಿಡಿದು ಹೋಗಬೇಕಂತೆ. ಮೊದಲು ಮನೆಯ ಬಟ್ಟೆಯನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕುವುದು. ಆಮೇಲೆ ಪುಸ್ತಕ, ಆಮೇಲೆ ಕಾಗದಪತ್ರ, ಆಮೇಲೆ ಚಿಲ್ಲರೆ ಸಾಮಾನು. ನೆನಪಿನ ವಸ್ತುಗಳು ಕಟ್ಟಕಡೆಗೆ. ಒಂದೊಂದನ್ನೇ ಕೈಯಲ್ಲಿ ಹಿಡಿದು, ಇದರಿಂದ ನನ್ನ ಮನಸ್ಸು ಅರಳುತ್ತದೆಯೇ ಎಂದು ಕೇಳಿಕೊಳ್ಳಬೇಕು. ಅರಳಿದರೆ ಇಡುವುದು. ಇಲ್ಲದಿದ್ದರೆ ಅದಕ್ಕೊಂದು ಧನ್ಯವಾದ ಹೇಳಿ ಕಳಿಸಿಕೊಡುವುದು."

"ನೆನಪಿನ ವಸ್ತುಗಳು ಕಡೆಗೆ ಎಂದರೆ ಈ ಮನೆಯಲ್ಲಿ ಮೊದಲು ತೆಗೆಯುವುದಕ್ಕೆ ಏನಿದೆ?" ಎಂದರು ಅಕ್ಕೋರು.

"ಈ ಹಂಡೆಯಿಂದಲೇ ಶುರು ಮಾಡೋಣ" ಎಂದೆ ನಾನು.

ಬಾಗಿಲಿನ ಕಡೆಯಿಂದ ಧ್ವನಿ ಬಂತು. "ಕೈಯಲ್ಲಿ ಹಿಡಿಯಬೇಕಲ್ಲವೇ? ಮೊದಲು ಇಬ್ಬರು ಗಂಡಸರನ್ನು ಕರೆಯಿರಿ."

ವೈನಿ ಸೋಲಲಿಲ್ಲ. ಆದರೆ ಸತ್ಯವಂತರಾದ ಕಾರಣ ಒಂದು ಮಾತನ್ನು ಮುಚ್ಚಿಡಲೂ ಇಲ್ಲ. ಅದೇ ಮೇರಿ ಕೊಂಡೊ 2023ರಲ್ಲಿ, ಮೂರು ಮಕ್ಕಳಾದ ಮೇಲೆ ಮನೆಯ ಓರಣವನ್ನು ತಾನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆ, ಮಕ್ಕಳೊಂದಿಗೆ ಹೊತ್ತು ಕಳೆಯುವುದೇ ಈಗ ಮುಖ್ಯ ಎಂದು ಹೇಳಿಕೊಂಡಳಂತೆ.

"ಮೂರಕ್ಕೇ ಕೈಬಿಟ್ಟಳೇ?" ಎಂದರು ಅತ್ತೆಯವರು. ಅವರಿಗೆ ಆರು.

ಅಲ್ಲಿಗೆ ಜಪಾನು ಮುಗಿಯಿತು. ಚಹಾ ಬಂತು, ಮಾತು ಭಾಂಡೆಗಳ ಕಡೆ ಹೊರಳಿತು. ಹಿತ್ತಾಳೆಯದು ಒಂದು ರೀತಿಯಲ್ಲಿ ಸುಲಭ ಎಂದು ಅಕ್ಕೋರ ವಾದ. ತಾಮ್ರ, ಸತುವು ಬೆರೆತ ಲೋಹ. ಒಳಗೆ ತವರದ ಕಲಾಯಿ ಇಲ್ಲದೆ ಅದರಲ್ಲಿ ಹುಳಿ ಪದಾರ್ಥ ಮಾಡುವಂತಿಲ್ಲ. ಕಲಾಯಿ ಹಾಕುವವನು ಓಣಿಗೆ ಬಂದು ನವಸಾಗರದ ಹೊಗೆ ಎಬ್ಬಿಸುತ್ತಿದ್ದ ಕಾಲ ಹೋಯಿತು. ಆದ್ದರಿಂದ ಸ್ನಾನದ ಹಂಡೆ ಬಿಟ್ಟು ಉಳಿದದ್ದನ್ನು ತೂಕಕ್ಕೆ ಹಾಕಬಹುದು. ನಿಜವಾದ ತೊಡಕು ಸ್ಟೀಲಿನದು. ತುಕ್ಕು ಹಿಡಿಯುವುದಿಲ್ಲ, ಒಡೆಯುವುದಿಲ್ಲ, ಸಾವೇ ಇಲ್ಲದ ಸಾಮಾನು. ಸಾಲದ್ದಕ್ಕೆ ಮುಯ್ಯಿ ಕೊಟ್ಟವರೆಲ್ಲ ಅದರ ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತಮ್ಮ ಹೆಸರು, ತಾರೀಖು ಕೆತ್ತಿಸಿದ್ದಾರೆ. ನಮ್ಮಲ್ಲಿರುವ ತಂಬಿಗೆಗಳನ್ನು ಸಾಲಾಗಿ ಇಟ್ಟರೆ ಮದುವೆಗೆ ಬಂದವರ ಹಾಜರಿ ಹಾಕಬಹುದು. ಯಾರಿಗೆ ಕೊಟ್ಟರೂ ಅವರ ಮನೆಗೆ ಆ ಹೆಸರಿನವರು ಊಟಕ್ಕೆ ಹೋಗಿಯೇ ಹೋಗುತ್ತಾರೆ. ಬಾಗಲಕೋಟೆ ಅಷ್ಟು ದೊಡ್ಡ ಊರಲ್ಲ.

ಇನ್ನು ನನ್ನ ಮೈದುನನ ಸಾಮಾನು. ಅವನು ಪುಣೆಯಲ್ಲಿದ್ದಾನೆ. ಇಂಜಿನಿಯರಿಂಗ್ ಓದುವಾಗಿನ ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರು, ಒಂದು ಒಂಟಿ ಬೂಟು ನಮ್ಮ ನಾಗೊಂದಿಗೆಯಲ್ಲಿ ಇದ್ದವು. ವಿಡಿಯೊ ಕರೆ ಮಾಡಿ ತೋರಿಸಿದೆ. "ಅತ್ತಿಗೆ, ಅದನ್ನು ಮುಟ್ಟಬೇಡಿ, ನನ್ನ ಜೀವ ಅದು" ಎಂದ. ಹಾಗಾದರೆ ಈ ಸಲ ಬಂದಾಗ ಒಯ್ಯಪ್ಪ ಎಂದೆ. "ನಮ್ಮ ಫ್ಲಾಟಿನಲ್ಲಿ ಜಾಗ ಎಲ್ಲಿದೆ? ಅಲ್ಲದೆ ನಿಮ್ಮ ಪುಣೆಯ ನೆಗೆಣ್ಣಿ ಬಿಡುವುದಿಲ್ಲ. ಮನೆ ಚೊಕ್ಕ ಇರಬೇಕು ಅವಳಿಗೆ." ಪುಣೆಯ ಚೊಕ್ಕತನದ ಕಸ ಬಾಗಲಕೋಟೆಯಲ್ಲಿ ಕೂಡಿಕೊಂಡಿದೆ ಎಂದು ನನಗೆ ಆಗ ಹೊಳೆಯಿತು. ಹೇಳಲಿಲ್ಲ. ಫೋನು ಅತ್ತೆಯವರ ಕೈಗೆ ಹೋಗಿತ್ತು.

"ಕಾಗದಗಳನ್ನಾದರೂ ರದ್ದಿಗೆ ಹಾಕಿ" ಎಂದರು ವೈನಿ, ಕೆಂಪು ಬಟ್ಟೆಯ ದಫ್ತರವನ್ನು ಕಾಲಿನಿಂದ ಸರಿಸುತ್ತ.

ವಕೀಲಬಾಯಿ ಅಲ್ಲಿಯವರೆಗೆ ಸುಮ್ಮನಿದ್ದವರು ಹೌಹಾರಿದರು. "ಕಾಲು ತೆಗೆಯಿರಿ! ಅದು ಮುಳುಗಡೆಯ ಕಾಗದ!"

ಹೊರಗಿನವರಿಗೆ ಇದರ ಬಿಸಿ ತಿಳಿಯುವುದಿಲ್ಲ. ನಮ್ಮೂರಿನಲ್ಲಿ ಗಂಡನ ಎತ್ತರ ಗೊತ್ತಿಲ್ಲದವರಿಗೂ ಆಲಮಟ್ಟಿ ಆಣೆಕಟ್ಟಿನ ನೀರಿನ ಎತ್ತರ ಗೊತ್ತು: ಸಮುದ್ರಮಟ್ಟದಿಂದ 519.60 ಮೀಟರ್. ಅಷ್ಟಕ್ಕೆ ನೀರು ನಿಂತರೆ ಘಟಪ್ರಭೆ ಹಿಮ್ಮುಖವಾಗಿ ಉಬ್ಬಿ ಹಳೆಯ ಬಾಗಲಕೋಟೆಯ ಓಣಿಗಳಿಗೆ ಬರುತ್ತಾಳೆ. ಅದಕ್ಕಾಗಿಯೇ ನವನಗರ, ಅದಕ್ಕಾಗಿಯೇ ನಮ್ಮ ಈ ಸೆಕ್ಟರು. ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ, ಅಬ್ದುಲ್ ಕಲಾಂ ಅವರು ಅದನ್ನು ದೇಶಕ್ಕೆ ಅರ್ಪಿಸಿದ್ದು 2006ರಲ್ಲಿ. ನಡುವಿನ ಕಾಲವೆಲ್ಲ ಊರಿಗೆ ಊರೇ ಗಂಟು ಕಟ್ಟುತ್ತ ಬಿಚ್ಚುತ್ತ ಬದುಕಿತು.

"ನಾನು ಸೊಸೆಯಾಗಿ ಬಂದ ದಿನವೇ, ಈ ಮನೆ ಮುಳುಗುತ್ತದೆ ಎಂದಿದ್ದರು" ಎಂದರು ಅತ್ತೆಯವರು. "ಮುಳುಗುವ ಮನೆಗೆ ಸುಣ್ಣ ಯಾಕೆ ಎಂದು ಮಾವನವರು ಸುಣ್ಣ ಬಳಿಸಲಿಲ್ಲ. ಮೊದಲ ಕೂಸು ಆಯಿತು, ಮುಳುಗಲಿಲ್ಲ. ಆರನೆಯದೂ ಆಯಿತು, ಮುಳುಗಲಿಲ್ಲ. ಇನ್ನು ಮುಳುಗುವುದಿಲ್ಲ ಎಂದು ಸುಣ್ಣ ಬಳಿಸಿದೆವು. ನೋಟಿಸು ಬಂತು."

ಬರುವಾಗ ತೊಲೆ, ಜಂತಿ, ಕಿಟಕಿ ಎಲ್ಲ ಬಿಚ್ಚಿ ತಂದರು. ಕೆತ್ತನೆಯ ತಲೆಬಾಗಿಲು ಇಲ್ಲಿಯ ನಕ್ಷೆಗೆ ದೊಡ್ಡದಾಯಿತು. ಬಾಗಿಲನ್ನು ಕೊಯ್ಯಲು ಅತ್ತೆಯವರು ಬಿಡಲಿಲ್ಲ. ಬಾಗಿಲಿಗೆ ತಕ್ಕಂತೆ ಗೋಡೆ ಎತ್ತಿಸಿದರು. ಹಾಗಾಗಿ ನಮ್ಮ ಸೆಕ್ಟರಿನಲ್ಲಿ ನಮ್ಮದೊಂದೇ ಮನೆಗೆ ಮುಂದಿನಿಂದ ನೋಡಿದರೆ ವಾಡೆಯ ಗತ್ತು, ಹಿಂದಿನಿಂದ ನೋಡಿದರೆ ಸರ್ಕಾರಿ ಕ್ವಾರ್ಟರ್ಸು.

ವಕೀಲಬಾಯಿ ದಫ್ತರ ಬಿಚ್ಚಿ ಕುಳಿತುಬಿಟ್ಟಿದ್ದರು. "1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಲ್ಲಿ ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋಗಬಹುದಿತ್ತು. ಹೋಗದವನೂ, ಅದೇ ಅಧಿಸೂಚನೆಯಲ್ಲಿ ನೆರೆಯವನಿಗೆ ಕೋರ್ಟು ಹೆಚ್ಚಿಗೆ ಕೊಟ್ಟಿತೆಂದರೆ 28-ಎ ಕಲಮಿನಲ್ಲಿ ಮೂರು ತಿಂಗಳೊಳಗೆ ಅರ್ಜಿ ಹಾಕಬಹುದಿತ್ತು. ಆ ಕಾಯ್ದೆಯೇ ಹೋಗಿ 2014ರಿಂದ ಹೊಸದು ಬಂದಿದೆ. ಹಳೆಯ ಪ್ರಕರಣಗಳು ಮಾತ್ರ ನಡೆದೇ ಇವೆ. ಒಂದು ರಸೀದಿ ಇಲ್ಲದೆ ತಲೆಯ ಮೇಲೆ ಕೈ ಹೊತ್ತು ಕುಳಿತವರನ್ನು ನಾನು ಎಷ್ಟು ನೋಡಿಲ್ಲ! ಕಾಗದ ಎಂಬುದನ್ನು ಒಗೆಯಲೇಬಾರದು. ಯಾವ ಕಾಗದವನ್ನೂ."

"ಇದು 1988ರ ಗ್ಯಾಸಿನ ಚೀಟಿ" ಎಂದೆ ನಾನು.

"ವಾಸಸ್ಥಳದ ಪುರಾವೆ" ಎಂದರು.

"ಆಲಮಟ್ಟಿಯನ್ನು ಇನ್ನೂ ಎತ್ತರಿಸಿ 524.256 ಮೀಟರ್ ಮಾಡಬೇಕೆಂದು ಇದೆಯಲ್ಲ" ಎಂದು ಅಕ್ಕೋರು ಸಮಾಧಾನ ಹೇಳಿದರು. "ಆಗ ಇನ್ನಷ್ಟು ಜನ ಬರುತ್ತಾರೆ. ನಿಮ್ಮ ಹೆಚ್ಚಿನ ಭಾಂಡೆ ಅವರಿಗೆ ಕೊಡಬಹುದು."

"ಅವರೂ ತಮ್ಮ ಹಂಡೆ ತಗೊಂಡೇ ಬರುತ್ತಾರೆ" ಎಂದರು ಅತ್ತೆಯವರು. ಬತ್ತಿ ಹೊಸೆಯುವ ಕೈ ನಿಂತಿತ್ತು. "ನೀರಿಗೆ ಕೊಡುವಷ್ಟು ಕೊಟ್ಟು ಬಂದಿದ್ದೇವೆ. ಉಳಿದದ್ದನ್ನು ಗುಜರಿಯವನಿಗೆ ಕೊಡುವುದೇನಿದೆ?"

ಇದಕ್ಕೆ ಜಪಾನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಉತ್ತರ ಇದ್ದಂತಿಲ್ಲ. ಆ ವಿಡಿಯೊಗಳಲ್ಲಿ ಬರುವ ಮನೆಗಳಲ್ಲಿ ಅತ್ತೆಯೂ ಇರುವುದಿಲ್ಲ, ಒಣಗಲು ಹಾಕಿದ ಹಪ್ಪಳವೂ ಇರುವುದಿಲ್ಲ. ಅವರದು ಓರಣವೋ, ಇನ್ನೂ ಯಾರೂ ವಾಸಕ್ಕೆ ಬಂದಿಲ್ಲವೋ ಎಂದು ನನಗೆ ಯಾವಾಗಲೂ ಸಂಶಯ.

ಮಾತು ಬದಲಿಸಲೆಂದು ವೈನಿ ಕೌದಿಯೊಂದನ್ನು ಎಳೆದರು. ನಮ್ಮ ಕಡೆ ಸೀರೆ ಹರಿದರೆ ಸಾಯುವುದಿಲ್ಲ, ಕೌದಿಯಾಗುತ್ತದೆ. ಇದರ ನಡುವೆ ಅತ್ತೆಯವರ ಮದುವೆಯ ಇಳಕಲ್ ಸೀರೆ: ಗಿರಿ ಕುಂಕುಮದ ಬಣ್ಣ ಮಾಸಿ ಇಟ್ಟಿಗೆಯಾಗಿದೆ, ಕೆಂಪು ಸೆರಗಿನ ಮೇಲೆ ಬಿಳಿಯ ತೋಪಿನ ಸಾಲು ಮಾತ್ರ ಹಾಗೆಯೇ ಎದ್ದು ಕಾಣುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸಿದ ಗೆರೆಯನ್ನು ಇನ್ನೂ ಬೆರಳಿನಿಂದ ಮುಟ್ಟಿ ಗುರುತಿಸಬಹುದು. ಸುತ್ತಲೂ ಗುಳೇದಗುಡ್ಡದ ಖಣದ ತುಂಡುಗಳು, ಒಂದು ಮೂಲೆಯಲ್ಲಿ ಮೈದುನನ ಖಾಕಿ ಚಡ್ಡಿ, ಒಳಪದರಗಳಲ್ಲಿ ಮಾವನವರ ಧೋತರ. ಮೇಲೆಲ್ಲ ಗೇಣಿಗಿಷ್ಟು ಎಂದು ಲೆಕ್ಕ ಹಾಕಿದಂತೆ ದಪ್ಪ ದಾರದ ಹೊಲಿಗೆ. ಮಹಾನವಮಿಗೆ ಮುಂಚೆ ಇದನ್ನು ತೊಳೆದರೆ ಹಿಂಡಲು ಎರಡು ಜನ ಬೇಕು. ಅದಕ್ಕೇ ಇದನ್ನು ತೊಳೆಯುವುದನ್ನು ಬಿಟ್ಟು ಮೇಲೆ ಹಾಕಿದ್ದೆವು.

"ಇದು ಚರಪರ ಎನ್ನುತ್ತಿದೆ" ಎಂದರು ವೈನಿ. ಬ್ಯಾಂಕಿನ ಕಿವಿ. ಖಾಕಿ ಚಡ್ಡಿಯ ಜೇಬು ಹೊಲಿದು ಮುಚ್ಚಿತ್ತು. ಬಿಚ್ಚಿದರೆ ಒಳಗೆ ಹಳೆಯ ಐದು ನೂರರ ನೋಟುಗಳು. 2016ರ ನವೆಂಬರ್ 8ರ ರಾತ್ರಿ ಸತ್ತವು.

ವೈನಿ ಹೆಬ್ಬೆರಳು ಒದ್ದೆ ಮಾಡಿಕೊಂಡು ಎಣಿಸಿದರು. ಹನ್ನೊಂದು.

"ಅಯ್ಯೋ" ಎಂದರು ವಕೀಲಬಾಯಿ. "2017ರ ಕಾಯ್ದೆಯ ಪ್ರಕಾರ ಇಂಥ ನೋಟು ಹತ್ತರ ತನಕ ಇಟ್ಟುಕೊಳ್ಳಬಹುದು. ಹತ್ತು ದಾಟಿದರೆ ಹತ್ತು ಸಾವಿರ ಅಥವಾ ನೋಟಿನ ಮೊತ್ತದ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟರ ತನಕ ದಂಡ."

"ಹತ್ತು ಇಡುತ್ತಾರೆಯೇ ಯಾರಾದರೂ? ಮುಯ್ಯಿಗೆ ತೆಗೆದಿಟ್ಟದ್ದು" ಎಂದರು ಅತ್ತೆಯವರು. "ಶುಭಕ್ಕೆ ಹನ್ನೊಂದು."

ವೈನಿ ನಾಣ್ಯ ಸಂಗ್ರಹಿಸುವವರಿಗೆ ಇಪ್ಪತ್ತೈದರ ತನಕ ರಿಯಾಯಿತಿ ಇದೆ ಎಂದರು. ಅತ್ತೆಯವರನ್ನು ಸಂಗ್ರಾಹಕಿ ಎನ್ನಬಹುದೇ ಎಂದು ಅಕ್ಕೋರು ಪಡಸಾಲೆಯ ಸುತ್ತ ಕಣ್ಣಾಡಿಸಿದರು. ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ. ಆದರೂ ವಕೀಲಬಾಯಿಗೆ ಧೈರ್ಯ ಬರದೆ, ಒಂದು ನೋಟನ್ನು ತಮ್ಮ ಪರ್ಸಿಗೆ ಹಾಕಿಕೊಂಡು ನಮ್ಮನ್ನು ಅಪರಾಧದಿಂದ ಪಾರು ಮಾಡಿದರು. ಅತ್ತೆಯವರು ಅದನ್ನು ಫೀ ಎಂದು ತಿಳಿದರು.

ಅಷ್ಟರಲ್ಲಿ ಹೊರಗೆ ಹಲಗೆಯ ಸದ್ದು. ಹೋಳಿ ಹುಣ್ಣಿಮೆ ಹತ್ತಿರವಿತ್ತು. ಬಾಗಲಕೋಟೆಯ ಬಣ್ಣದಾಟದ ಬಗ್ಗೆ ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯದು. ಅದಕ್ಕೂ ಮೊದಲು ಕಾಮನನ್ನು ಸುಡಲು ಕಟ್ಟಿಗೆ ಬೇಕು. ಓಣಿಯ ಹುಡುಗರು ಕೇಳಿ ತೆಗೆದುಕೊಳ್ಳುತ್ತಾರೆ. ಕೊಡದಿದ್ದರೆ ಕೇಳದೆ ತೆಗೆದುಕೊಳ್ಳುತ್ತಾರೆ, ಆ ಕಳವಿಗೆ ಯಾರೂ ಸಿಟ್ಟಾಗುವಂತಿಲ್ಲ. "ಆಯಿ, ಕಾಮನಿಗೆ ಕಟ್ಟಿಗೆ!" ಎಂದು ಬಾಗಿಲಲ್ಲಿ ಕೂಗು ಕೇಳಿದಾಗ ನನಗೆ ದೇವರೇ ಬಂದಂತಾಯಿತು. ಮುರಿದ ತೊಟ್ಟಿಲು, ಡ್ರಾಯಿಂಗ್ ಬೋರ್ಡು, ಎಲ್ಲ ಕಣ್ಣ ಮುಂದೆಯೇ ಇದ್ದವು.

ಒಳಗಿನಿಂದ ಚಹಾದ ಪಾತ್ರೆ ತರಲು ಹೋದವಳು ಬರುವಷ್ಟರಲ್ಲಿ ಹುಡುಗರು ಹೊರಟಿದ್ದರು, ತಲೆಯ ಮೇಲೆ ಹೊತ್ತುಕೊಂಡು, ಬೊಬ್ಬೆ ಹಾಕುತ್ತ. ತೊಟ್ಟಿಲು ಇದ್ದಲ್ಲೇ ಇತ್ತು. ಬೋರ್ಡೂ ಇತ್ತು. ಹೋದದ್ದು ನಾನು ಎಲ್ಲವನ್ನೂ ಓರಣವಾಗಿ ಜೋಡಿಸಲೆಂದು ಹಿಂದಿನ ವಾರ ಆನ್‌ಲೈನಿನಲ್ಲಿ ತರಿಸಿದ್ದ ಮರದ ರ‍್ಯಾಕು, ಡಬ್ಬದ ಸಮೇತ.

"ಅತ್ತೀ, ಅದು ಹೊಸದು!"

"ಅದಕ್ಕೇ ಕೊಟ್ಟೆ. ಈ ಮನೆಯಲ್ಲಿ ಅದೊಂದೇ ಯಾರದೂ ಅಲ್ಲದ್ದು."

ವೈನಿ ನಗುವುದನ್ನು ತಡೆಯಲು ಕೌದಿಯನ್ನು ಬಾಯಿಗೆ ಒತ್ತಿಕೊಂಡರು. ವಕೀಲಬಾಯಿ ನನ್ನ ಭುಜದ ಮೇಲೆ ಕೈ ಇಟ್ಟು, "ರಸೀದಿ ಇದೆಯಲ್ಲ?" ಎಂದು ಕೇಳಿದರು. ಇತ್ತು. ಅವರೇ ಅದನ್ನು ಮಡಿಸಿ, ಗ್ಯಾಸಿನ ಚೀಟಿಯ ಕೆಳಗೆ ಇಟ್ಟು, ದಫ್ತರ ಕಟ್ಟಿದರು.