‘ಬಳಸದ’, ‘ಬಳಸಲಾಗದ’, ‘ಬಳಕೆ ತಪ್ಪಿದ’: ಸ್ಟ್ರಿಂಗ್‌ಗಳಿಗೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಒಂದು ಆ್ಯಪ್‌ನ ಕೋಡ್‌ನಿಂದ ಬೇಡದ ಸ್ಟ್ರಿಂಗ್‌ಗಳನ್ನು ತೆಗೆಯುವ ಕೆಲಸ ನಡೆಯುತ್ತಿದೆ. ಅದಕ್ಕೆ ಬೇಕಾದ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವಾಗ ಒಂದು ಪದದ ಬಗ್ಗೆ ಅನುಮಾನ ಬಂತು.

ಈ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಬಟನ್ ಮೇಲಿನ ‘ಉಳಿಸಿ’, ‘ರದ್ದುಮಾಡಿ’ ಇಂಥ ಪಠ್ಯದ ತುಣುಕುಗಳೇ ಸ್ಟ್ರಿಂಗ್‌ಗಳು. ಇವನ್ನೆಲ್ಲ ಕೋಡ್ ಒಳಗೆ ಬರೆಯದೆ ಬೇರೆ ಫೈಲಿನಲ್ಲಿ ಇಡುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದು ಸ್ಟ್ರಿಂಗ್ಸ್ ಡಾಟ್ ಎಕ್ಸ್‌ಎಂಎಲ್, ಭಾಷೆಗೊಂದು ಪ್ರತಿ. ಪ್ರತಿ ಸ್ಟ್ರಿಂಗ್‌ಗೂ ಒಂದು ಹೆಸರಿರುತ್ತದೆ, ಕೋಡ್ ಆ ಹೆಸರು ಹಿಡಿದು ಕರೆಯುತ್ತದೆ. ಮುಂದೆ ಎಂದೋ ಆ ಬಟನ್ ಹೋಗುತ್ತದೆ, ಸ್ಟ್ರಿಂಗ್ ಮಾತ್ರ ಅಲ್ಲೇ ಉಳಿಯುತ್ತದೆ. ಯಾರ ಕಣ್ಣಿಗೂ ಬೀಳದ ಸಾಲನ್ನು ಅನುವಾದಕರು ಸುಮ್ನೆ ಅನುವಾದಿಸುತ್ತಾ ಇರುತ್ತಾರೆ! ಇಂಥವನ್ನು ಲಿಂಟ್ ಎಂಬ ಸಾಧನ ಹುಡುಕಿ ಪಟ್ಟಿ ಕೊಡುತ್ತದೆ. ಆ ಪಟ್ಟಿಗೆ ಏನಂತ ತಲೆಬರಹ ಕೊಡಬೇಕು?

‘ಬಳಸಲಾಗದ ಸ್ಟ್ರಿಂಗ್‌ಗಳು’ ಅಂತೂ ಬೇಡ. ‘ಬಳಸಲಾಗಿಲ್ಲ’ ಅಂದರೆ ಯಾರೂ ಬಳಸಿಲ್ಲ ಅಂತ ತಿಳಿಯುತ್ತದೆ. ಅದೇ ‘ಬಳಸಲಾಗದ’ ಅಂದರೆ ‘ಬಳಸೋಕೆ ಆಗದ’ ಅಂತಲೇ ಕೇಳಿಸುತ್ತದೆ. ಸ್ಟ್ರಿಂಗ್ ಏನೂ ಕೆಟ್ಟಿಲ್ಲ, ಕರೆಯುವವರಿಲ್ಲ ಅಷ್ಟೇ. ‘ನಿರುಪಯುಕ್ತ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೀರ್ಪನ್ನೇ ಕೊಟ್ಟುಬಿಡುತ್ತದೆ.

‘ಬಳಸದ’ ಚಿಕ್ಕದು, ಚೊಕ್ಕದು. ತೊಡಕು ಇರುವುದು ಕಾಲದಲ್ಲಿ. ‘ಬಳಸಿದ’, ‘ಬಳಸುವ’ ಅಂತ ನಮಗೆ ಎರಡು ರೂಪ ಇವೆ. ಇಲ್ಲ ಅನ್ನೋದಕ್ಕೆ ಮಾತ್ರ ಒಂದೇ. ‘ಬಳಸದ ಕೋಣೆ’ ಅಂದರೆ ಈವರೆಗೆ ಬಳಸದ್ದೂ ಆಗಬಹುದು, ಈಗ ಬಳಸದ್ದೂ ಆಗಬಹುದು, ಮುಂದೆ ಬಳಸದ್ದೂ ಆಗಬಹುದು. ದಿನನಿತ್ಯದ ಮಾತಿಗೆ ಇದು ಅಡ್ಡಿಯಲ್ಲ. ಆದರೆ ಮುಂದಿನ ಆವೃತ್ತಿಗೆ ಅಂತ ಮೊದಲೇ ಸೇರಿಸಿಟ್ಟ ಸ್ಟ್ರಿಂಗ್ ಕೂಡ ಇವತ್ತು ‘ಬಳಸದ’ದ್ದೇ ಅಲ್ವಾ? ಅದನ್ನು ಕಿತ್ತುಹಾಕಿದರೆ ಸೇರಿಸಿದವರು ಬಂದು ಜಗಳ ಆಡುತ್ತಾರೆ.

ಹಿಂದೆ ಬಳಸುತ್ತಿದ್ದು ಈಗ ಬಿಟ್ಟದ್ದಕ್ಕೆ ‘ಬಳಕೆ ತಪ್ಪಿದ’ ಅನ್ನಬಹುದು. ತಂತ್ರಾಂಶದ ಅನುವಾದಕ್ಕೆ ಬಳಸುವ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಗೆ ಇದು ಚೆನ್ನಾಗಿ ಹೊಂದುತ್ತದೆ. ಅಲ್ಲಿ ಮೂಲದಿಂದ ಒಂದು ಸಾಲು ಹೋದರೆ ಅದರ ಅನುವಾದ ಕೂಡಲೇ ಅಳಿಯುವುದಿಲ್ಲ. ಅದರ ಎಂಎಸ್‌ಜಿಮರ್ಜ್ ಎಂಬ ಸಾಧನ ಅದಕ್ಕೆ #~ ಗುರುತು ಹಾಕಿ, ಅನುವಾದಗಳನ್ನು ಇಡುವ ಪಿಒ ಫೈಲಿನ ಕೊನೆಗೆ ತಳ್ಳುತ್ತದೆ. ಅದೇ ಸಾಲು ಮೂಲಕ್ಕೆ ಮತ್ತೆ ಬಂದರೆ ಹಳೆಯ ಅನುವಾದವನ್ನೇ ಎತ್ತಿಕೊಳ್ಳುತ್ತದೆ.

ಲಿಂಟ್ ಕತೆ ಬೇರೆ. ಕೆಲವು ಕಡೆ ಸ್ಟ್ರಿಂಗ್‌ನ ಹೆಸರು ಕೋಡ್‌ನಲ್ಲಿ ಇಡಿಯಾಗಿ ಇರುವುದೇ ಇಲ್ಲ. ‘ಎರರ್_’ ಅನ್ನೋದರ ಮುಂದೆ ದೋಷದ ಸಂಖ್ಯೆ ಅಂಟಿಸಿ, ಆ್ಯಪ್ ಓಡುವಾಗ ಗೆಟ್‌ಐಡೆಂಟಿಫೈಯರ್ (ಹೆಸರು ಕೊಟ್ಟರೆ ಅದರ ಗುರುತಿನ ಸಂಖ್ಯೆ ಕೊಡುವ ಆದೇಶ) ಮೂಲಕ ಹುಡುಕುತ್ತಾರೆ. ಲಿಂಟ್‌ಗೆ ಇದು ಗೊತ್ತಾಗುವುದಿಲ್ಲ, ಆ ಸ್ಟ್ರಿಂಗ್ ಕೂಡ ಪಟ್ಟಿಗೆ ಬರುತ್ತದೆ. ನಂಬಿ ಅಳಿಸಿದರೂ ಕಂಪೈಲ್, ಅಂದರೆ ಕೋಡ್‌ನಿಂದ ಆ್ಯಪ್ ಕಟ್ಟುವ ಕೆಲಸ, ಸರಾಗವಾಗಿ ಆಗುತ್ತದೆ. ಆಮೇಲೆ ಆ ದೋಷ ಎದುರಾದಾಗ ಹುಡುಕಾಟಕ್ಕೆ ಸೊನ್ನೆ, ಅಂದರೆ ‘ಸಿಗಲಿಲ್ಲ’ ಅನ್ನೋ ಉತ್ತರ, ಸಿಗುತ್ತದೆ. ಆ ಸೊನ್ನೆ ಹಿಡಿದು ಸ್ಟ್ರಿಂಗ್ ಕೇಳಿದರೆ ಆ್ಯಪ್ ಕ್ರ್ಯಾಶ್. ಅಂದರೆ ಲಿಂಟ್ ಖಚಿತವಾಗಿ ಹೇಳಬಲ್ಲದ್ದು ‘ಎಲ್ಲೂ ಬಳಸಿದ್ದು ನನಗೆ ಕಾಣಲಿಲ್ಲ’ ಅನ್ನೋದಷ್ಟನ್ನೇ. ಅದಕ್ಕೇ ಈ ಪಟ್ಟಿಗೆ ‘ಬಳಕೆ ಕಂಡುಬರದ ಸ್ಟ್ರಿಂಗ್‌ಗಳು’ ಅಂತ ಇಡೋಣ ಅನ್ನಿಸುತ್ತಿದೆ. ‘ಬಳಕೆ ಕಾಣದ’ ಅಂದರೆ ಇನ್ನೂ ಚಿಕ್ಕದಾಗುತ್ತದೆ ನಿಜ, ಆದರೆ ‘ಬೆಳಕು ಕಾಣದ ಕೋಣೆ’ಯ ಹಾಗೆ ಕಾಣದೇ ಇದ್ದದ್ದು ಸ್ಟ್ರಿಂಗೇ ಆಗಿಬಿಡುತ್ತದೆ.

‘ಸ್ಟ್ರಿಂಗ್’ ಅನ್ನು ಹಾಗೇ ಬಿಟ್ಟಿದ್ದೇನೆ. ‘ಪದಪುಂಜ’ ಅನ್ನೋಣ ಅಂದರೆ ಒಂದೇ ಅಕ್ಷರದ ಸ್ಟ್ರಿಂಗೂ ಇರುತ್ತದೆ, ಇಡೀ ಪ್ಯಾರಾನೂ ಇರುತ್ತದೆ. ಅಳಿಸುವ ಬಟನ್‌ಗೆ ‘ತೆಗೆದುಹಾಕಿ’ ಸಾಕು.

ಈಗ ಪ್ರಶ್ನೆ. ‘ಬಳಕೆ ತಪ್ಪಿದ’ ಅಂದಾಗ ನಿಮಗೆ ‘ರೂಢಿ ತಪ್ಪಿದ’, ಅಂದರೆ ಅಭ್ಯಾಸ ಬಿಟ್ಟುಹೋದ ಅನ್ನುವ ಅರ್ಥ ಮೊದಲು ಹೊಳೆಯುತ್ತದಾ? ಹಾಗಿದ್ದರೆ ಪಿಒ ಫೈಲಿಗೆ ‘ಬಳಕೆಯಿಂದ ಬಿಟ್ಟುಹೋದ’ ಅಂತ ಹಾಕುತ್ತೇನೆ. ‘ಕಂಡುಬರದ’ ಉದ್ದ ಆಯ್ತು ಅನ್ನುವವರು ಅರ್ಥ ಕೆಡದ ಚಿಕ್ಕ ಪದ ಇದ್ದರೆ ಹೇಳಿ. ತಲೆಬರಹಕ್ಕೆ ಜಾಗ ಜಾಸ್ತಿ ಇಲ್ಲ.