ಮೊದಲ ಉದ್ಯಮದಿಂದ ಹೊರಬರಲು ಎಷ್ಟು ಮುಂಚೆ ಸಿದ್ಧರಾಗಬೇಕು?

ಪ್ರಶ್ನೆ: ಏಳು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಗೆಳೆಯನೊಂದಿಗೆ ಪಾಲುದಾರಿಕೆಯಲ್ಲಿ ಚಟ್ನಿಪುಡಿ ಮತ್ತು ರಾಗಿ ಹುರಿಹಿಟ್ಟು ತಯಾರಿಸುವ ಘಟಕವನ್ನು ಆರಂಭಿಸಿದೆ. ಇದು ನನ್ನ ಮೊದಲ ಉದ್ಯಮ. ಹನ್ನೆರಡು ಮಂದಿ ಕೆಲಸಗಾರರಿದ್ದಾರೆ, ಲಾಭವೂ ಇದೆ. ಆದರೂ ಇನ್ನು ಮೂರು ವರ್ಷಗಳಲ್ಲಿ ಇದರಿಂದ ಹೊರಬರಬೇಕೆಂದಿದ್ದೇನೆ. ಹೊರಗಿನವರಿಗೆ ಮಾರುವುದೋ, ಪಾಲುದಾರನಿಗೇ ಬಿಟ್ಟುಕೊಡುವುದೋ ತೀರ್ಮಾನಿಸಿಲ್ಲ. ಈ ದಾರಿಯಲ್ಲಿ ನಡೆದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಪೀಣ್ಯದಿಂದ ಒಬ್ಬರು: ಯಂತ್ರದ ಬಿಡಿಭಾಗಗಳ ಜಾಬ್‌ವರ್ಕ್ ಘಟಕವನ್ನು ಹನ್ನೊಂದು ವರ್ಷ ನಡೆಸಿ ಮಾರಿದವನು ನಾನು. ಕೊಳ್ಳಲು ಬಂದವರು ಯಂತ್ರಗಳನ್ನು ನೋಡಿದ್ದು ಅರ್ಧ ಗಂಟೆ, ಲೆಕ್ಕಪುಸ್ತಕಗಳನ್ನು ನೋಡಿದ್ದು ಎರಡು ತಿಂಗಳು. ನಮ್ಮ ವಹಿವಾಟಿನ ಮುಕ್ಕಾಲು ಪಾಲು ಒಬ್ಬನೇ ಗಿರಾಕಿಯಿಂದ ಬರುತ್ತಿತ್ತು, ಆ ಗಿರಾಕಿಯ ಕಡೆಯವರು ಕರೆ ಮಾಡುತ್ತಿದ್ದುದು ನನ್ನ ಸ್ವಂತ ಮೊಬೈಲಿಗೆ. ನಾನು ಹೋದ ಮೇಲೆ ಇಲ್ಲಿ ಉಳಿಯುವುದೇನೆಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಬೆಲೆಯ ಮೂರನೇ ಒಂದು ಭಾಗವನ್ನು ತಡೆಹಿಡಿದು, ಆ ಗಿರಾಕಿ ಎರಡು ವರ್ಷ ಉಳಿದರೆ ಮಾತ್ರ ಕೊಡುವುದೆಂದು ಕರಾರು ಬರೆಸಿಕೊಂಡರು. ಗಿರಾಕಿ ಹದಿನಾಲ್ಕನೇ ತಿಂಗಳಿಗೆ ಬಿಟ್ಟುಹೋದ, ಬಾಕಿ ಹಣ ಬರಲಿಲ್ಲ. ಕರಾರಿನಂತೆ ಅದು ಸರಿಯೇ, ದೂರುವುದಕ್ಕೆ ಏನೂ ಇಲ್ಲ. ಆದ್ದರಿಂದ ನೀವು ಈ ವರ್ಷವೇ ಒಂದು ತಿಂಗಳು ಘಟಕದ ಕಡೆ ತಲೆಹಾಕದೆ ಇದ್ದು ನೋಡಿ. ಏನೇನು ನಿಂತುಹೋಗುತ್ತದೆಯೋ ಅದೇ ಮುಂದಿನ ಮೂರು ವರ್ಷಗಳ ಕೆಲಸ. ಚಟ್ನಿಪುಡಿಯ ಹದ ನಿಮ್ಮ ಕೈಯಳತೆಯಲ್ಲಿದ್ದರೆ ಅದನ್ನು ಗ್ರಾಮಿನ ಲೆಕ್ಕಕ್ಕೆ ಇಳಿಸಿ ಬರೆದಿಡಿ. ಬಿಲ್ಲಿಲ್ಲದೆ ಮಾರುವ ಅಭ್ಯಾಸ ಸ್ವಲ್ಪವಾದರೂ ಇದ್ದರೆ ಇಂದೇ ಬಿಡಿ, ಏಕೆಂದರೆ ಪುಸ್ತಕದಲ್ಲಿಲ್ಲದ ಲಾಭಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ತೀರ್ಥಹಳ್ಳಿಯಿಂದ ಒಬ್ಬರು: ನಾನು ಅಡಿಕೆ ಹಾಳೆ ತಟ್ಟೆಯ ಘಟಕದಲ್ಲಿ ನನ್ನ ಪಾಲನ್ನು ಉಳಿದಿಬ್ಬರಿಗೆ ಬಿಟ್ಟುಕೊಟ್ಟು ಹೊರಬಂದೆ. ನಿವೃತ್ತಿ ಪತ್ರಕ್ಕೆ ಸಹಿಯಾಯಿತು, ಹಣವೂ ಬಂತು, ಎಲ್ಲ ಮುಗಿಯಿತೆಂದುಕೊಂಡೆ. ಮೂರು ವರ್ಷಗಳ ಬಳಿಕ ಸಂಸ್ಥೆಯ ಸಾಲದ ಕಂತು ತಪ್ಪಿದಾಗ ಬ್ಯಾಂಕಿನ ನೋಟಿಸು ನನ್ನ ಮನೆಗೆ ಬಂತು, ಏಕೆಂದರೆ ನಾನು ವೈಯಕ್ತಿಕವಾಗಿ ಹಾಕಿದ್ದ ಜಾಮೀನನ್ನು ಯಾರೂ ಬಿಡಿಸಿರಲಿಲ್ಲ. ಪಾಲುದಾರರ ನಡುವಿನ ಪತ್ರ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬಿಡುಗಡೆಯನ್ನು ಬ್ಯಾಂಕೇ ಲಿಖಿತವಾಗಿ ಕೊಡಬೇಕು. ಇನ್ನೊಂದು ವಿಷಯ: 1932ರ ಪಾಲುದಾರಿಕೆ ಕಾಯ್ದೆಯಂತೆ ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಆಗುವವರೆಗೆ ನಂತರದ ವ್ಯವಹಾರಗಳಿಗೂ ಹೊರಗಿನವರು ನಿಮ್ಮನ್ನು ಹೊಣೆಯಾಗಿಸಬಹುದು. ರಾಜ್ಯಪತ್ರದಲ್ಲಿ ಮತ್ತು ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಿ. ಸಂಸ್ಥೆ ನೋಂದಣಿಯಾಗಿದ್ದರೆ ರಿಜಿಸ್ಟ್ರಾರರಿಗೂ ತಿಳಿಸಿ. ನಾಲ್ಕು ಸಾಲಿನ ಜಾಹೀರಾತನ್ನು ದುಂದುವೆಚ್ಚವೆಂದು ನಾನು ಬಿಟ್ಟಿದ್ದೆ.

ಹುಬ್ಬಳ್ಳಿಯ ಲೆಕ್ಕಪರಿಶೋಧಕರೊಬ್ಬರು: ಎರಡು ದಾರಿಗಳ ತೆರಿಗೆ ಬೇರೆ ಬೇರೆ. ಘಟಕವನ್ನು ಇಡಿಯಾಗಿ ಒಂದೇ ಮೊತ್ತಕ್ಕೆ ಮಾರಿದರೆ ಅದು ಸ್ಲಂಪ್ ಸೇಲ್. ಘಟಕಕ್ಕೆ 36 ತಿಂಗಳು ಮೀರಿರುವುದರಿಂದ ಲಾಭ ದೀರ್ಘಾವಧಿ ಬಂಡವಾಳ ಲಾಭವಾಗುತ್ತದೆ, 2024ರ ಜುಲೈ 23ರಿಂದ ಅದರ ಮೇಲಿನ ತೆರಿಗೆ ದರ ಶೇ. 12.5, ಸೆಸ್ ಪ್ರತ್ಯೇಕ. ಯಂತ್ರಗಳನ್ನು ಬಿಡಿಬಿಡಿಯಾಗಿ ಮಾರಿದರೆ ಈ ಅನುಕೂಲ ಸಿಗದು. ನಡೆಯುತ್ತಿರುವ ಉದ್ಯಮವಾಗಿ ಪೂರ್ತಿ ವರ್ಗಾಯಿಸಿದರೆ ಜಿಎಸ್‌ಟಿ ವಿನಾಯಿತಿಯಿದೆ, ಬಳಸದೆ ಉಳಿದ ಇನ್‌ಪುಟ್ ಕ್ರೆಡಿಟನ್ನು, ಅಂದರೆ ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆಯನ್ನು, ಐಟಿಸಿ-02 ನಮೂನೆಯಲ್ಲಿ ಕೊಂಡವರಿಗೆ ವರ್ಗಾಯಿಸಬಹುದು. ನೀವು ನಿವೃತ್ತರಾಗಿ ಬಂಡವಾಳ ಖಾತೆಯಲ್ಲಿ ನಿಮ್ಮ ಹೆಸರಿಗಿರುವ ಮೊತ್ತಕ್ಕಿಂತ ಹೆಚ್ಚು ಪಡೆದರೆ ಆ ಹೆಚ್ಚುವರಿಯ ತೆರಿಗೆ ಸಾಮಾನ್ಯವಾಗಿ ಬೀಳುವುದು ಸಂಸ್ಥೆಗೆ, ಅಂದರೆ ಉಳಿದ ಗೆಳೆಯನಿಗೆ. ಬೆಲೆ ಮಾತಾಡುವ ಮೊದಲೇ ಇದನ್ನು ಅವರಿಗೆ ಹೇಳಿಬಿಡಿ. ಐದು ವರ್ಷ ತುಂಬಿದ ಕೆಲಸಗಾರರ ಗ್ರಾಚ್ಯುಟಿಯನ್ನು ಈಗಿನಿಂದಲೇ ಪುಸ್ತಕದಲ್ಲಿ ತೋರಿಸಿ.

ಮೈಸೂರಿನಲ್ಲಿ ಉಪ್ಪಿನಕಾಯಿ ಬ್ರ್ಯಾಂಡ್ ಮಾರಿದವರು: ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕೈಸೇರಿದಾಗ ಲಾಲ್‌ಬಾಗ್ ರಸ್ತೆಯ ಹೋಟೆಲು ಕುಟುಂಬದಲ್ಲೇ ಉಳಿಯಿತು. ಏನನ್ನು ಮಾರುತ್ತೇವೆ, ಏನನ್ನು ಇಟ್ಟುಕೊಳ್ಳುತ್ತೇವೆ ಎಂಬ ಗೆರೆಯನ್ನು ಸಣ್ಣ ಘಟಕವೂ ಮೊದಲೇ ಎಳೆದುಕೊಳ್ಳಬೇಕು. ಮತ್ತೆ ಅದೇ ವ್ಯಾಪಾರ ಮಾಡಬಾರದೆಂಬ ಕರಾರು ಸಾಮಾನ್ಯವಾಗಿ 1872ರ ಕರಾರು ಕಾಯ್ದೆಯಡಿ ನಿಲ್ಲುವುದಿಲ್ಲ, ಆದರೆ ಗುಡ್‌ವಿಲ್, ಅಂದರೆ ವ್ಯಾಪಾರ ಗಳಿಸಿದ ಒಳ್ಳೆಯ ಹೆಸರನ್ನು, ಮಾರಿದವರಿಗೆ ನ್ಯಾಯವಾದ ಮಿತಿಯೊಳಗೆ ಅದು ಅನ್ವಯಿಸುತ್ತದೆ. ನಾನು ಓದದೆ ಸಹಿ ಹಾಕಿ ನಾಲ್ಕು ವರ್ಷ ಮಾವಿನಮಿಡಿ ಮುಟ್ಟದೆ ಕುಳಿತೆ. ಟ್ರೇಡ್‌ಮಾರ್ಕ್ ಯಾರ ಹೆಸರಿನಲ್ಲಿದೆಯೆಂದೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಕಾಗದಪತ್ರಗಳನ್ನು ತೆಗೆದು ನೋಡಿದೆ. ಟ್ರೇಡ್‌ಮಾರ್ಕ್ ನನ್ನೊಬ್ಬನ ಹೆಸರಿನಲ್ಲಿದೆ, ಪಾಲುದಾರಿಕೆ ಪತ್ರದಲ್ಲಿ ನಿವೃತ್ತಿಯ ಕಲಮೇ ಇಲ್ಲ, ಸಾಲಕ್ಕೆ ನಾವಿಬ್ಬರಲ್ಲದೆ ನಮ್ಮ ತಂದೆಯವರೂ ಜಾಮೀನು ಹಾಕಿದ್ದಾರೆ. ಮಾರಾಟದ ಮಾತನ್ನು ಬದಿಗಿಟ್ಟು, ಸೋಮವಾರ ಗೆಳೆಯನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದೇನೆ.