1837ರ ದಂಗೆಯ ರೂಪಕ: ಪಾತ್ರಧಾರಿಗಳ ಮೊಬೈಲ್ ಏನು ಮಾಡುವುದು?

ಬೆಟ್ಟದಾರಿ ಕೇಳಿದ್ದು:

ಅಕ್ಟೋಬರ್ 31ಕ್ಕೆ ಮಡಿಕೇರಿ ಹತ್ತಿರದ ಮೈದಾನವೊಂದರಲ್ಲಿ ಕಂಪನಿ ಸರ್ಕಾರದ ವಿರುದ್ಧ ಕೊಡಗು, ದಕ್ಷಿಣ ಕನ್ನಡದ ರೈತರು ಎದ್ದ ಅಮರ ಸುಳ್ಯ ದಂಗೆಯ ರೂಪಕ ಇಟ್ಟುಕೊಂಡಿದ್ದೇವೆ. ಸುಳ್ಯ ಕಡೆಯ ಪೂಮಲೆಯಲ್ಲಿ ಜನ ಸೇರುವುದು, ಏಪ್ರಿಲ್ 5ರಂದು ಮಂಗಳೂರು ಹಿಡಿದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸುವುದು, ಕೊನೆಗೆ ಮಡಿಕೇರಿ ಕೋಟೆಯಲ್ಲಿ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸುವುದು: ಮೂರು ದೃಶ್ಯ. ಪಾತ್ರಧಾರಿಗಳು 70 ಮಂದಿ. ಹೆಚ್ಚಿನವರು ಪಂಚೆ, ಕಂಬಳಿಯ ರೈತರು. ಕೆಲವರು ಕುಪ್ಯ ಚೇಲೆಯಲ್ಲಿ (ಕೊಡವರ ನಿಲುವಂಗಿ, ಅದರ ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ), 20 ಮಂದಿ ಕಂಪನಿ ಸಿಪಾಯಿಗಳ ಕೆಂಪು ಕೋಟಿನಲ್ಲಿ. ಹೊಗೆಗೆ ವೈರ್ ಎಳೆದು ಬ್ಯಾಟರಿಯಿಂದ ಹಚ್ಚುವ ಡಬ್ಬಿಗಳಿವೆ.

ಫೋನ್ ಪೂರ್ತಿ ನಿಷೇಧಿಸಬೇಕೋ, ವೇಷದೊಳಗೆ ಅಡಗಿಸಿಕೊಳ್ಳಲು ಬಿಡಬೇಕೋ? ಪ್ರವೇಶದ ಸೂಚನೆಯನ್ನು ವಾಟ್ಸಾಪ್‌ನಲ್ಲಿ ಕಳಿಸೋಣ ಎಂದು ಕೆಲವರ ಸಲಹೆ. ಒಬ್ಬರ ತೋಳಿನಲ್ಲಿ ಸಕ್ಕರೆ ಅಳೆಯುವ ಸೆನ್ಸರ್ ಇದೆ, ಅದು ಫೋನಿಗೆ ಜೋಡಣೆಯಾಗಿದೆ. ತಿಳಿದವರು ವಿವರವಾಗಿ ಹೇಳಿ.

ದುಡಿಕೊಟ್ಟ್:

ಸೂಚನೆಗೆ ವಾಟ್ಸಾಪ್ ಖಂಡಿತ ಬೇಡ. ಮಳೆಗೆ ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದರೆ ಸಂದೇಶ ಹತ್ತು ನಿಮಿಷ ತಡವಾಗಿ ಬಂದೀತು. ಎಲ್ಲರ ಫೋನಿನಲ್ಲೂ ಒಂದೇ ಹೊತ್ತಿಗೆ ವೈಬ್ರೇಷನ್ ಅಲಾರಂ ಇಡುವುದೂ ಕೆಲಸಕ್ಕೆ ಬಾರದು. ಮೊದಲ ದೃಶ್ಯ ಏಳು ನಿಮಿಷ ಎಳೆದರೆ ಮುಂದಿನ ಅಲಾರಂಗಳೆಲ್ಲ ತಪ್ಪು ಹೊತ್ತಿಗೆ ನಡುಗುತ್ತವೆ. ವಾದ್ಯದ ಸದ್ದಿನ ನಡುವೆ ಆ ನಡುಕ ಗೊತ್ತೂ ಆಗುವುದಿಲ್ಲ.

ನಮ್ಮಲ್ಲಿ ಕೊಂಬು ಇದೆಯಲ್ಲ, ಅದನ್ನೇ ಬಳಸಿ. ಉದ್ದನೆಯದು ಒಂದು ಊದಿದರೆ ಸಿದ್ಧರಾಗಿ, ಎರಡು ಊದಿದರೆ ಪ್ರವೇಶ. ಮೈದಾನದ ಆಚೆ ಅಂಚಿನವರಿಗೂ ಕೇಳುತ್ತದೆ, 1837ರ ನೋಟಕ್ಕೂ ಒಗ್ಗುತ್ತದೆ. ಆದರೆ ಅಪಾಯದ ಸೂಚನೆಗೆ ಕೊಂಬು, ದುಡಿ (ಚಿಕ್ಕ ಚರ್ಮವಾದ್ಯ) ಎರಡೂ ಬೇಡ. ಅದು ರೂಪಕದಲ್ಲಿ ಎಲ್ಲೂ ಇಲ್ಲದ ಸದ್ದಾಗಿರಬೇಕು. ಪಿಟಿ ಮೇಷ್ಟ್ರ ಸೀಟಿ ಸಾಕು: ಮೂರು ಸಲ ಊದಿದರೆ ಎಲ್ಲರೂ ಇದ್ದಲ್ಲೇ ನಿಂತು ಕೋವಿಯ ಬಾಯಿ ಆಕಾಶಕ್ಕೆ. ಇದನ್ನು ಪ್ರತಿ ತಾಲೀಮಿನಲ್ಲೂ ಒಂದು ಸಲವಾದರೂ ಮಾಡಿಸಿ.

ಇನ್ನು ನಿಷೇಧದ ಮಾತು. ಬರೀ ಬೋರ್ಡ್ ಹಾಕಿದರೆ ಯಾರೂ ಕೇಳುವುದಿಲ್ಲ. ಜನ ಫೋನ್ ತೆಗೆಯುವುದು ಗಂಟೆ ನೋಡಲು, ತನ್ನ ಸರದಿ ಯಾವಾಗ ಎಂದು ತಿಳಿಯಲು, ಮನೆಯಿಂದ ಕರೆ ಬಂದೀತೆಂಬ ಆತಂಕಕ್ಕೆ. ಮೊದಲೆರಡನ್ನು ಕೊಂಬು ನೋಡಿಕೊಳ್ಳುತ್ತದೆ. ಮೂರನೆಯದಕ್ಕೆ ವೇಷ ಕಟ್ಟುವ ಕೋಣೆಯಲ್ಲಿ ಒಂದು ಫೋನ್ ಇಟ್ಟು, ಆ ನಂಬರನ್ನು ಎರಡು ದಿನ ಮೊದಲೇ ಎಲ್ಲರ ಮನೆಗೂ ಕೊಡಿ. ಕರೆ ಬಂದರೆ ಹುಡುಗನೊಬ್ಬ ಓಡಿಬಂದು ಹೇಳುವಂತಿರಲಿ. ಇಷ್ಟು ಖಾತ್ರಿಯಾದರೆ ಹೆಚ್ಚಿನವರು ತಾವಾಗಿಯೇ ಫೋನ್ ಒಪ್ಪಿಸುತ್ತಾರೆ.

ಒಪ್ಪಿಸುವಾಗ ಸೈಲೆಂಟ್ ಸಾಲದು, ಸ್ವಿಚ್ ಆಫ್ ಆಗಬೇಕು. ಸೈಲೆಂಟ್ ಇದ್ದರೂ ಅಲಾರಂ ಕೂಗುತ್ತದೆ. ತಗಡಿನ ಟ್ರಂಕಿನೊಳಗೆ ಸಿಗ್ನಲ್ ಹುಡುಕುತ್ತಾ ಬ್ಯಾಟರಿಯೂ ಕರಗುತ್ತದೆ. ಫೋನಿಗೊಂದು ಬಟ್ಟೆ ಚೀಲ, ಅದಕ್ಕೊಂದು ನಂಬರ್, ಅದೇ ನಂಬರಿನ ಚೀಟಿ ಮಾಲೀಕರಿಗೆ. ಹಿಂದಿರುಗಿಸಲು ಒಬ್ಬರಿಗೆ ಹತ್ತು ಸೆಕೆಂಡ್ ಎಂದರೂ 70 ಮಂದಿಗೆ ಹನ್ನೆರಡು ನಿಮಿಷ. ಹಾಗಾಗಿ ಮೂರು ಮೇಜು ಹಾಕಿ, ನಡುವಿನ ವಿರಾಮದಲ್ಲಿ ಕೊಡಬೇಡಿ.

ಕಂಬಳಿಚೀಲ:

ಕಣದಲ್ಲಿ ನಾಲ್ಕೈದು ಜನರ ಬಳಿಯಾದರೂ ಫೋನ್ ಇರಬೇಕಾಗುತ್ತದೆ: ದೃಶ್ಯದ ಮುಖ್ಯಸ್ಥರು, ಪ್ರಥಮ ಚಿಕಿತ್ಸೆಯವರು, ಆ ಸೆನ್ಸರ್ ಇರುವವರು. ಅವರ ವೇಷದಲ್ಲಿ ಜಾಗ ಹೀಗೆ ಮಾಡಿ.

ಕುಪ್ಯದವರು ಚೇಲೆಯ ಮಡಿಕೆಗೆ ಫೋನ್ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಮುಂದೆ ಪೀಚೆಕತ್ತಿ ಎಂಬ ಕಿರುಗತ್ತಿ, ಹಿಂದೆ ತೊಡಂಗಿನಲ್ಲಿ, ಅಂದರೆ ಲೋಹದ ಕೊಂಡಿಯಲ್ಲಿ, ಅಗಲ ಅಲಗಿನ ಒಡಿಕತ್ತಿ. ಓಡುವಾಗ ಇವುಗಳ ಲೋಹ ಫೋನಿನ ಗಾಜಿಗೆ ತಾಗುತ್ತದೆ, ರೇಷ್ಮೆ ಜಾರಿ ಫೋನ್ ಕೆಳಗಿಳಿಯುತ್ತದೆ. ಕುಪ್ಯದ ಒಳಮೈಗೆ, ಎಡ ಪಕ್ಕೆಲುಬಿನ ಮೇಲೆ, 18 ಸೆಂ.ಮೀ. ಎತ್ತರ 10 ಸೆಂ.ಮೀ. ಅಗಲದ ದಪ್ಪ ಹತ್ತಿ ಬಟ್ಟೆಯ ಜೇಬು ಹೊಲಿಸಿ. ಬಾಯಿಗೆ ಗುಂಡಿ ಇರಲಿ. ವೆಲ್ಕ್ರೋ ಬೇಡ, ಅದರ ಪರಪರ ಸದ್ದು ಮೊದಲ ಸಾಲಿನ ಪ್ರೇಕ್ಷಕರಿಗೆ ಕೇಳುತ್ತದೆ. ಎಡಬದಿ ಯಾಕೆಂದರೆ ಕೋವಿಯ ಹಿಡಿ ಬಲ ಭುಜಕ್ಕೆ ಒತ್ತುತ್ತದೆ. ಎಡಗೈಯವರಿಗೆ ಇದನ್ನು ತಿರುಗಿಸಿ.

ಪಂಚೆಯವರಿಗೆ ಸೊಂಟಕ್ಕಿಂತ ಕೊರಳಿನಿಂದ ಇಳಿಬಿಟ್ಟು ಕಂಕುಳ ಕೆಳಗೆ ಬರುವ ಚಪ್ಪಟೆ ಚೀಲ ಒಳ್ಳೆಯದು, ಮೇಲೆ ಕಂಬಳಿ ಬರುತ್ತದೆ. ಪಂಚೆಯ ಮಡಿಲಿನಲ್ಲಿ ಇಟ್ಟರೆ 200 ಗ್ರಾಂ ತೂಕಕ್ಕೆ ಕಟ್ಟೇ ಸಡಿಲವಾಗುತ್ತದೆ. ಸಿಪಾಯಿಗಳಿಗೆ ಬೆನ್ನಿನ ಮೂಟೆ ಇದೆ, ಅದರೊಳಗೆ ಮಡಚಿದ ಬಟ್ಟೆಯ ನಡುವೆ ಇಡಿ. ಸೊಂಟದ ತೋಟಾ ಪೆಟ್ಟಿಗೆ ಅಳತೆಗೆ ಸರಿಹೊಂದುತ್ತದೆ ಎಂದು ಅದರಲ್ಲಿ ಇಡುವವರಿದ್ದಾರೆ. ಖಾಲಿ ಪೆಟ್ಟಿಗೆಯಾದರೆ ಸರಿ. ಒಂದೇ ಒಂದು ಮದ್ದಿನ ಪೊಟ್ಟಣ ಇದ್ದರೂ ಅಲ್ಲಿ ಫೋನ್ ಇರಕೂಡದು. ಬಿದ್ದು ಜಜ್ಜಿದ ಲಿಥಿಯಂ ಬ್ಯಾಟರಿ ತಾನಾಗಿ ಹೊತ್ತಿಕೊಳ್ಳಬಹುದು, ಪಕ್ಕದಲ್ಲಿ ಮದ್ದು. ಇದೇ ಕಾರಣಕ್ಕೆ ಗುಂಡು ತಗುಲಿ ಬೀಳುವ ಪಾತ್ರದವರ ಮೈಮೇಲೆ ಎಲ್ಲಿಯೂ ಫೋನ್ ಬೇಡ.

ಅಕ್ಟೋಬರ್ ಕೊನೆಯಲ್ಲಿ ಮಧ್ಯಾಹ್ನದ ಮೇಲೆ ಮಳೆ ಹಿಡಿಯುವ ಸಾಧ್ಯತೆ ಇರುತ್ತದೆ. ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಜೇಬಿಗೆ ಹಾಕಿ. ಒದ್ದೆ ಕಂಬಳಿಗಿಂತ ಮೈಬೆವರೇ ಹೆಚ್ಚು ಒಳಸೇರುತ್ತದೆ. ಸ್ಮಾರ್ಟ್ ವಾಚ್, ಬ್ಲೂಟೂತ್ ಇಯರ್‌ಫೋನ್ ಎಲ್ಲರಿಂದಲೂ ಬಿಚ್ಚಿಸಿ. ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಮಣಿಕಟ್ಟಿನ ಹೊಳಪೇ.

ತಂತಿಪೆಟ್ಟಿಗೆ:

ಹೊಗೆಡಬ್ಬಿಯ ವಿಷಯ ಯಾರೂ ಮುಟ್ಟಲಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅದೇ. ಮೊಬೈಲಿನ ರೇಡಿಯೊ ಅಲೆಗೆ ಕರಿಮದ್ದು ಹೊತ್ತಿಕೊಳ್ಳುವುದಿಲ್ಲ. ಆದರೆ ವಿದ್ಯುತ್ತಿನಿಂದ ಹಚ್ಚುವ ಕಿಡಿಕಡ್ಡಿಯ ಉದ್ದನೆಯ ವೈರ್ ಆಂಟೆನಾದಂತೆ ಆ ಅಲೆಯನ್ನು ಹಿಡಿಯಬಲ್ಲದು. ತೀರಾ ಹತ್ತಿರವಿದ್ದರೆ ಅಕಾಲದಲ್ಲಿ ಹೊತ್ತುವ ಅಪಾಯ ಇದೆ. ವೈರಿನ ಎರಡೂ ಎಳೆಗಳನ್ನು ಒಂದಕ್ಕೊಂದು ಹೊಸೆದು, ತುದಿಗಳನ್ನು ಜೋಡಿಸಿಯೇ ಇಡಿ. ಬ್ಯಾಟರಿಗೆ ಸಿಕ್ಕಿಸುವ ಹೊತ್ತಿಗೆ ಮಾತ್ರ ಬಿಡಿಸಿ. ತಯಾರಕರು ಬರೆದ ಅಂತರ ಪಾಲಿಸಿ. ಬರೆದಿಲ್ಲದಿದ್ದರೆ ಕನಿಷ್ಠ 10 ಮೀಟರ್ ಸುತ್ತ ಹಗ್ಗ ಕಟ್ಟಿ, ಆನ್ ಆಗಿರುವ ಫೋನ್, ವಾಕಿಟಾಕಿ ಎರಡನ್ನೂ ಒಳಗೆ ಬಿಡಬೇಡಿ. ಡಬ್ಬಿ ಜೋಡಿಸುವವರ ಫೋನ್ ಟ್ರಂಕಿನಲ್ಲೇ ಇರಲಿ.

ಮುಖ್ಯಸ್ಥರ ನಡುವಿನ ಮಾತಿಗೆ ಫೋನಿಗಿಂತ ವಾಕಿಟಾಕಿ ಮೇಲು, ಅದಕ್ಕೆ ಟವರಿನ ಹಂಗಿಲ್ಲ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಅಗ್ಗದ ಸೆಟ್‌ಗಳಲ್ಲಿ ಬೇರೆ ತರಂಗಾಂತರವೂ ತೆರೆದಿರುತ್ತದೆ, ಅದನ್ನು ಬಳಸಿದರೆ ಅಪರಾಧ. ಕೊಳ್ಳುವಾಗಲೇ ಪೆಟ್ಟಿಗೆ ಮೇಲೆ ನೋಡಿ.

ತುರ್ತಿಗೆ 112. ನಿಮ್ಮ ಸಿಮ್‌ನ ಕಂಪನಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಆ ಕರೆ ಹೋಗುತ್ತದೆ. ಯಾವ ಟವರೂ ಸಿಗದ ಮೂಲೆಗಳೂ ಇರುತ್ತವೆ, ಆದ್ದರಿಂದ ಹಿಂದಿನ ದಿನವೇ ಬೇರೆ ಬೇರೆ ಕಂಪನಿಯ ಫೋನ್ ಹಿಡಿದು ಮೈದಾನ ಸುತ್ತಿ, ಸಿಗ್ನಲ್ ಇರುವ ಜಾಗಕ್ಕೆ ಗೂಟ ಹೊಡೆಯಿರಿ.

ವಿಡಿಯೊಗೆ ಫೋನ್ ಇಡುವುದಾದರೆ ಏರೋಪ್ಲೇನ್ ಮೋಡ್ ಕಡ್ಡಾಯ, ಕರೆ ಬಂದರೆ ಎಷ್ಟೋ ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಬಿದಿರಿನ ಕುಕ್ಕೆಯಲ್ಲಿ ಲೆನ್ಸಿಗಷ್ಟೇ ಕಿಂಡಿ ಬಿಟ್ಟು ಗೋಣಿ ಸುತ್ತಿದರೆ ಕಾಣುವುದಿಲ್ಲ. ಪರದೆಯನ್ನು ಒತ್ತಿ ಹಿಡಿದು ಬೆಳಕು, ಫೋಕಸ್ ಎರಡನ್ನೂ ಲಾಕ್ ಮಾಡಿ. ಮಾಡದಿದ್ದರೆ ಬಿಳಿ ಹೊಗೆ ಎದ್ದ ಕೂಡಲೇ ಕ್ಯಾಮೆರಾ ಬೆಳಕು ಇಳಿಸಿ, ಜನರ ಮುಖವೆಲ್ಲ ಕಪ್ಪಾಗುತ್ತದೆ. ಕೋವಿಯ ಸದ್ದು ಹತ್ತಿರದ ಮೈಕಿನಲ್ಲಿ ಒಡೆದು ಬರುತ್ತದೆ. ಇನ್ನೊಂದು ಫೋನನ್ನು 30 ಮೀಟರ್ ದೂರದಲ್ಲಿ ಬರೀ ಧ್ವನಿಗೆಂದು ಇಟ್ಟು, ಆಮೇಲೆ ಜೋಡಿಸಿಕೊಳ್ಳಿ.

ಬೆಟ್ಟದಾರಿ:

ಎಲ್ಲರಿಗೂ ವಂದನೆ. ಸೆನ್ಸರ್ ಇರುವವರು ಸಿಪಾಯಿ ಪಾತ್ರದಲ್ಲೇ ಇದ್ದಾರೆ, ಫೋನ್ ಮೂಟೆಯಲ್ಲಿ ಇಡಬಹುದೇ? ಪ್ರೇಕ್ಷಕರ ಫೋನ್ ಬಗ್ಗೆಯೂ ಹೇಳಿ.

ದುಡಿಕೊಟ್ಟ್:

ಮೂಟೆ ಅವರ ಬೆನ್ನ ಮೇಲೆಯೇ ಇರುವುದಾದರೆ ಸರಿ. ಕಾಳಗದ ಮೊದಲು ಮೂಟೆ ಕಳಚಿಡುವ ನಡೆ ನಿಮ್ಮ ದೃಶ್ಯದಲ್ಲಿದ್ದರೆ ಬೇಡ, ಬ್ಲೂಟೂತ್ ಕೆಲವೇ ಮೀಟರಿಗೆ ಕಡಿದುಹೋಗುತ್ತದೆ. ಆಗ ಕೆಂಪು ಕೋಟಿನ ಒಳಜೇಬೇ ಸರಿ. ಸಕ್ಕರೆ ಇಳಿದಾಗಿನ ಎಚ್ಚರಿಕೆಯ ಸದ್ದನ್ನು ಮಾತ್ರ ಆಫ್ ಮಾಡಿಸಬೇಡಿ. ದೃಶ್ಯದ ನಡುವೆ ಕೂಗಿದರೆ ಕೂಗಲಿ. ಅವರನ್ನು ಸಾಲಿನ ತುದಿಗೆ ನಿಲ್ಲಿಸಿ, ಪಕ್ಕದವನ ಜೇಬಿನಲ್ಲಿ ಬೆಲ್ಲ ಇರಲಿ.

ಪ್ರೇಕ್ಷಕರಿಗೆ ಫೋಟೊ ತೆಗೆಯಬೇಡಿ ಎನ್ನುವುದು ಆಗದ ಮಾತು. ಫ್ಲ್ಯಾಶ್ ಬೇಡ ಎಂದಷ್ಟೇ ಶುರುವಿನಲ್ಲಿ ಎರಡು ಸಲ ಹೇಳಿ, ಮುಗಿದ ಮೇಲೆ ವೇಷದಲ್ಲೇ ಹದಿನೈದು ನಿಮಿಷ ನಿಲ್ಲುತ್ತೇವೆ ಎಂದೂ ಸಾರಿ. ಹಗ್ಗ ದಾಟಿ ಬರುವವರು ಅರ್ಧಕ್ಕರ್ಧ ಇಳಿಯುತ್ತಾರೆ. ತಿಂಡಿ ಅಂಗಡಿಗಳನ್ನು ಮೈದಾನದ ಹಿಂಬದಿಗೆ ಹಾಕಿಸಿ, ಯುಪಿಐ ಹಣ ಬಂದಾಗ ಕೂಗಿ ಹೇಳುವ ಪೆಟ್ಟಿಗೆಯನ್ನು ಮೂರನೇ ದೃಶ್ಯಕ್ಕೆ ಮೊದಲು ಆಫ್ ಮಾಡಿಸಿ. ಅಪ್ಪಯ್ಯ ಗೌಡರು ಗಲ್ಲಿನ ಕೆಳಗೆ ನಿಂತ ಹೊತ್ತಿಗೆ ಮೈದಾನದಲ್ಲಿ ದುಡಿಯ ಸದ್ದೂ ಇರಬಾರದು.